ಕೆರೆ ದಂಡೆಯ ಬೇಲಿ ಮತ್ತು ಮಾಸ್ಟರ್ ರಾಮಚಂದ್ರ

ಹರಿಹರ ತಾಲೂಕಿನ ಕೊಂಡಜ್ಜಿ ಎಂದರೆ ದಾವಣಗೆರೆ ಕಡೆಯವರಿಗೆ ನೆನಪಾಗುವುದು ಅಲ್ಲಿನ ಗುಡ್ಡ, ಕೆರೆ ಮತ್ತು ಸ್ಕೌಟ್ಸ್-ಗೈಡ್ಸ್ ಶಿಬಿರ. ಆ ಕೆರೆಯ ದಂಡೆಗೆ ಹೊಂದಿದಂತೆ ಒಬ್ಬ ರೈತನ ಹೊಲವಿದೆ ಎಂದುಕೊಳ್ಳೋಣ. ಅವನ ಬಳಿ 200 ಮೀಟರ್ ತಂತಿ ಇದೆ. ಕೆರೆಯ ಕಡೆಗೆ ಬೇಲಿ ಬೇಡ. ಉಳಿದ ಮೂರು ಕಡೆ ಹಾಕಿದರೆ ಸಾಕು. ಆಯತಾಕಾರದ ಜಾಗ ಸುತ್ತುವರಿಯಬೇಕು, ಅದು ಆದಷ್ಟು ದೊಡ್ಡದಾಗಿರಬೇಕು. ಎಷ್ಟು ಅಗಲ ಬಿಡಬೇಕು?

ದ್ವಿತೀಯ ಪಿಯುಸಿ ಗಣಿತ ಓದಿದವರಿಗೆ ಈ ಜಾತಿಯ ಲೆಕ್ಕ ಹೊಸದಲ್ಲ. ಅಗಲ 40 ಮೀಟರ್ ಇಟ್ಟರೆ ಉದ್ದಕ್ಕೆ 120 ಉಳಿಯುತ್ತದೆ, ಜಾಗ 4800 ಚದರ ಮೀಟರ್. 60 ಇಟ್ಟರೆ ಉದ್ದ 80, ಜಾಗ ಮತ್ತೆ 4800. ನಡುವೆ 50 ಇಟ್ಟರೆ 5000 ಚದರ ಮೀಟರ್, ಅಂದರೆ ಸುಮಾರು 49 ಗುಂಟೆ. ಅದೇ ಗರಿಷ್ಠ. ಕಲನಶಾಸ್ತ್ರ ಬಲ್ಲವರು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಬೆಟ್ಟದ ತುದಿಯಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ. ಹಾಗೆಯೇ ಬೆಲೆ ಗರಿಷ್ಠವಾಗುವ ಜಾಗದಲ್ಲಿ ಬದಲಾವಣೆಯ ದರ ಸೊನ್ನೆ. ಆ ಸೊನ್ನೆಯನ್ನು ಹುಡುಕಿದರೆ ಉತ್ತರ ಸಿಕ್ಕಿತು.

ಮಾತು ಸರಳವೇ. ಆದರೂ ಹತ್ತನೆಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದ ಎಷ್ಟೋ ಮಕ್ಕಳು ಈ ಪಾಠದ ಹೊತ್ತಿಗೆ ಕೈ ಚೆಲ್ಲುತ್ತಾರೆ. ಬೇಲಿ ಗೊತ್ತು, ಹೊಲ ಗೊತ್ತು, ಪಾಠದ ಇಂಗ್ಲಿಷು ಗೊತ್ತಿಲ್ಲ. 'ನಮ್ಮ ಹುಡುಗರಿಗೆ ಗಣಿತ ಹತ್ತುವುದಿಲ್ಲ' ಎಂದು ದೊಡ್ಡವರೇ ತೀರ್ಪು ಕೊಟ್ಟುಬಿಡುತ್ತಾರೆ. ಇತಿಹಾಸ ಮಾತ್ರ ಬೇರೆಯದನ್ನೇ ಹೇಳುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಇರಾನಿನ ತೂಸ್ ಪಟ್ಟಣದ ಷರಫುದ್ದೀನ್ ಅಲ್ ತೂಸಿ ಎಂಬ ವಿದ್ವಾಂಸರಿದ್ದರು. ಇವರಿಗಿಂತ ಪ್ರಸಿದ್ಧರಾದ ನಸೀರುದ್ದೀನ್ ತೂಸಿ ಬೇರೆ, ಇವರು ಬೇರೆ. ಡಮಾಸ್ಕಸ್, ಅಲೆಪ್ಪೊ, ಮೊಸುಲ್‌ಗಳಲ್ಲಿ ಪಾಠ ಹೇಳಿದ ಇವರು ಘನ ಸಮೀಕರಣಗಳ ಮೇಲೆ ಗ್ರಂಥ ಬರೆದರು. ಅವರು ಕೈಗೆತ್ತಿಕೊಂಡ ಒಂದು ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: 12 ಮೊಳದ ಕೋಲನ್ನು ಎರಡು ತುಂಡು ಮಾಡಿ, ಒಂದರ ವರ್ಗವನ್ನು ಇನ್ನೊಂದರಿಂದ ಗುಣಿಸಿದರೆ ಅತಿ ಹೆಚ್ಚು ಎಷ್ಟು ಬಂದೀತು? 7 ಮತ್ತು 5 ಆದರೆ 245. 9 ಮತ್ತು 3 ಆದರೆ 243. 8 ಮತ್ತು 4 ಆದಾಗ 256. ಮೂರರಲ್ಲಿ ಎರಡು ಪಾಲಿಗೆ ಕತ್ತರಿಸಿದಾಗಲೇ ಗರಿಷ್ಠ ಎಂದು ಅವರು ಸಾಧಿಸಿದರು. ಆ ಗರಿಷ್ಠವನ್ನು ಮೀರಿದ ಬೆಲೆಗೆ ಸಮೀಕರಣದಲ್ಲಿ ಉತ್ತರವೇ ಇಲ್ಲ ಎಂದೂ ತೋರಿಸಿದರು. ಈ ಜಾಗ ಅವರಿಗೆ ಹೇಗೆ ಹೊಳೆಯಿತು ಎಂಬ ಬಗ್ಗೆ ಇಂದಿನ ವಿದ್ವಾಂಸರಲ್ಲಿ ಚರ್ಚೆ ಇದೆ. ಅದೇ ಶತಮಾನದಲ್ಲಿ, 1150ರಲ್ಲಿ, ನಮ್ಮ ಭಾಸ್ಕರಾಚಾರ್ಯ ಗ್ರಹಗತಿಯ ಲೆಕ್ಕ ಮಾಡುತ್ತಾ, ಒಂದು ಪ್ರಮಾಣ ಗರಿಷ್ಠವಾದ ಕಡೆ ಅದರ ಬದಲಾವಣೆ ಶೂನ್ಯ ಎಂಬುದನ್ನು ಗುರುತಿಸಿದ್ದ. ಯುರೋಪಿನಲ್ಲಿ ಲೈಬ್ನಿಟ್ಸ್ ತನ್ನ ಕಲನದ ಮೊದಲ ಲೇಖನವನ್ನು ಪ್ರಕಟಿಸಿದ್ದು 1684ರಲ್ಲಿ. ಗರಿಷ್ಠ-ಕನಿಷ್ಠ ಎಂಬ ಮಾತುಗಳು ಅದರ ಶೀರ್ಷಿಕೆಯಲ್ಲೇ ಇದ್ದವು.

ಈಗ ದೆಹಲಿಗೆ ಬರೋಣ. ಗಾಲಿಬ್ ಬದುಕಿದ್ದ ಕಾಲದ ದೆಹಲಿ ಅದು. ಅಲ್ಲಿನ ದೆಹಲಿ ಕಾಲೇಜಿನಲ್ಲಿ ಪಾಶ್ಚಾತ್ಯ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದರು. ಪುಸ್ತಕಗಳನ್ನು ಭಾಷಾಂತರಿಸಲು ಒಂದು ಸಂಘವೂ ಇತ್ತು. ಗಣಿತ ಹೇಳುತ್ತಿದ್ದವರು 1821ರಲ್ಲಿ ಹುಟ್ಟಿದ ಮಾಸ್ಟರ್ ರಾಮಚಂದ್ರ. ಕಾಯಸ್ಥ ಮನೆತನದ ಈ ಮೇಷ್ಟ್ರು ಉರ್ದುವಿನಲ್ಲಿ ಪಠ್ಯಗಳನ್ನು ಬರೆದರು, ಪತ್ರಿಕೆಗಳನ್ನು ನಡೆಸಿದರು. ಮುಂದೆ ಉರ್ದುವಿನಲ್ಲಿ ಹಲವಾರು ಗಣಿತ ಪುಸ್ತಕಗಳನ್ನು ಬರೆದ ಮುನ್ಷಿ ಝಕಾವುಲ್ಲಾ ಇವರ ಶಿಷ್ಯರೇ.

ಕಲನ ಕಲಿಯದ ವಿದ್ಯಾರ್ಥಿಗೂ ಗರಿಷ್ಠ-ಕನಿಷ್ಠದ ಲೆಕ್ಕಗಳನ್ನು ಬರೀ ಬೀಜಗಣಿತದಿಂದ ಬಿಡಿಸಲು ಸಾಧ್ಯವೇ ಎಂಬುದು ರಾಮಚಂದ್ರರ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರವಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದು, 1850ರಲ್ಲಿ ಸ್ವಂತ ಖರ್ಚಿನಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದರು.

ಅವರ ಉಪಾಯವನ್ನು ನಮ್ಮ ಬೇಲಿಗೇ ಹಚ್ಚಿ ನೋಡಬಹುದು. ಅಗಲ 'ಅ', ಜಾಗದ ವಿಸ್ತಾರ 'ಕ' ಎಂದಿರಲಿ. ಉದ್ದ 200 − 2ಅ. ಹಾಗಾದರೆ 2ಅ² − 200ಅ + ಕ = 0. ಇದು ಹೈಸ್ಕೂಲಿನ ವರ್ಗ ಸಮೀಕರಣ. ಇದನ್ನು ಬಿಡಿಸುವಾಗ ವರ್ಗಮೂಲದ ಚಿಹ್ನೆಯೊಳಗೆ 40000 − 8ಕ ಬರುತ್ತದೆ. ಅದು ಸೊನ್ನೆಗಿಂತ ಕಡಿಮೆಯಾದರೆ ಅಂಥ ಹೊಲವೇ ಸಾಧ್ಯವಿಲ್ಲ. ಆದ್ದರಿಂದ 'ಕ' 5000ವನ್ನು ಮೀರಲಾರದು. ಸರಿಯಾಗಿ 5000 ಆದಾಗ ಅಗಲ 50. ಕಲನದ ಸೋಂಕಿಲ್ಲದೆ ಅದೇ ಉತ್ತರ! ಸಾಧ್ಯ-ಅಸಾಧ್ಯಗಳ ಗಡಿಯಲ್ಲಿ ಗರಿಷ್ಠವನ್ನು ಹುಡುಕುವ ಈ ದಾರಿ ಅಲ್ ತೂಸಿಯವರ ವಿಚಾರವನ್ನೂ ನೆನಪಿಸುತ್ತದೆ.

ಕಲ್ಕತ್ತೆಯ ವಿಮರ್ಶಕರು ಪುಸ್ತಕವನ್ನು ಹಳಿದರು. ಕಲನ ಇರುವಾಗ ಈ ಸುತ್ತುದಾರಿ ಯಾಕೆ ಎಂಬುದು ಅವರ ತಕರಾರು. ಆದರೆ ಒಂದು ಪ್ರತಿ ಲಂಡನ್ನಿನ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಕೈ ಸೇರಿತು. ಅವರು ಹುಟ್ಟಿದ್ದು ನಮ್ಮ ದಕ್ಷಿಣದ ಮದುರೆಯಲ್ಲಿ. ಭಾರತೀಯರಿಗೆ ಬೀಜಗಣಿತದ ದೊಡ್ಡ ಪರಂಪರೆ ಇದೆ, ಅದನ್ನು ಎಬ್ಬಿಸಿದರೆ ಇಲ್ಲಿನ ಬುದ್ಧಿ ತಾನಾಗಿ ಅರಳುತ್ತದೆ ಎಂಬುದು ಅವರ ನಂಬಿಕೆ. 1859ರಲ್ಲಿ ತಮ್ಮದೇ ಮುನ್ನುಡಿಯೊಂದಿಗೆ ಅವರು ಪುಸ್ತಕವನ್ನು ಲಂಡನ್ನಿನಲ್ಲಿ ಮತ್ತೆ ಹೊರತಂದರು.

ಅಷ್ಟರಲ್ಲಿ 1857 ಬಂದು ಹೋಗಿತ್ತು. ಕಾಲೇಜಿನ ಪ್ರಿನ್ಸಿಪಾಲ್ ಟೇಲರ್ ಕೊಲೆಯಾದರು, ಗ್ರಂಥಾಲಯ ಲೂಟಿಯಾಯಿತು. 1852ರಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದ್ದ ರಾಮಚಂದ್ರ ಅಡಗಿಕೊಂಡು ಜೀವ ಉಳಿಸಿಕೊಂಡರು. ಮುಂದೆ ರೂರ್ಕಿಯಲ್ಲಿ ಕಲಿಸಿದರು, ಪಟಿಯಾಲ ಸಂಸ್ಥಾನದ ಶಿಕ್ಷಣ ಇಲಾಖೆ ನಡೆಸಿದರು, 1880ರಲ್ಲಿ ತೀರಿಕೊಂಡರು. ದೆಹಲಿ ಕಾಲೇಜಿನ ಆ ಉರ್ದು ವಿಜ್ಞಾನದ ವಾತಾವರಣ ಮಾತ್ರ ಅಲ್ಲಿಗೆ ಮರಳಲಿಲ್ಲ.

ಆ ಕನಸು ದೊಡ್ಡ ಪ್ರಮಾಣದಲ್ಲಿ ಮತ್ತೆ ಚಿಗುರಿದ್ದು ಹೈದರಾಬಾದಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಗಣಿತವನ್ನೂ ಉರ್ದುವಿನಲ್ಲೇ ಕಲಿಸಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಆ ಜಿಲ್ಲೆಗಳ ಕನ್ನಡದ ಮಕ್ಕಳಿಗೆ ಉರ್ದುವೂ ಆಳುವವರ ಭಾಷೆಯೇ ಆಗಿತ್ತು. ಒಬ್ಬನಿಗೆ ಬಾಗಿಲಾದ ಭಾಷೆ ಇನ್ನೊಬ್ಬನಿಗೆ ಗೋಡೆಯಾಗಿತ್ತು. ತಾಯ್ನುಡಿಯ ಪರವಾಗಿ ಮಾತಾಡುವ ನಾವು ಇದನ್ನು ಮರೆಯಬಾರದು.

ರಾಮಚಂದ್ರರ ದಾರಿಗೂ ಮಿತಿ ಇತ್ತು. ಎಲ್ಲ ಲೆಕ್ಕಗಳೂ ವರ್ಗ ಸಮೀಕರಣಕ್ಕೆ ಬಗ್ಗುವುದಿಲ್ಲ. ಕಲನದ ಶಕ್ತಿಯೇ ಬೇರೆ. ಮಕ್ಕಳು ಕಲನ ಕಲಿಯಲೇಬೇಕು, ಇಂಗ್ಲಿಷನ್ನೂ ಕಲಿಯಲಿ. ಆದರೆ ಆ ಮೇಷ್ಟ್ರು ತೋರಿದ ಶಿಷ್ಯಪ್ರೀತಿ ಹಳತಾಗುವಂಥದ್ದಲ್ಲ. ವಿದ್ಯಾರ್ಥಿ ಇಲ್ಲದ ಕಡೆ ನಿಂತು ಅವರು ಅವನನ್ನು ಕರೆಯಲಿಲ್ಲ. ಅವನು ಇದ್ದಲ್ಲಿಗೆ ಹೋಗಿ, ಅವನಿಗೆ ಗೊತ್ತಿದ್ದ ಬೀಜಗಣಿತದ ಕೈಹಿಡಿದು ಮೇಲಕ್ಕೆ ಕರೆದೊಯ್ದರು.

ಡಮಾಸ್ಕಸ್ಸಿನ ಮುಸ್ಲಿಮನೊಬ್ಬ, ದಖ್ಖನ್ನಿನ ಜ್ಯೋತಿಷಿಯೊಬ್ಬ, ಉರ್ದುವಿನಲ್ಲಿ ಪಾಠ ಹೇಳಿದ ದೆಹಲಿಯ ಮೇಷ್ಟ್ರೊಬ್ಬರು, ಮದುರೆಯಲ್ಲಿ ಹುಟ್ಟಿದ ಆಂಗ್ಲನೊಬ್ಬ. ಇಷ್ಟು ಜನರ ದುಡಿಮೆಯ ಹಿನ್ನೆಲೆ ಇರುವ ವಿದ್ಯೆ ಯಾವ ಜಾತಿಯ, ಯಾವ ಭಾಷೆಯ ಮಗುವಿಗೆ ಹತ್ತದೆ ಹೋದೀತು? ಕೊಂಡಜ್ಜಿಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಒಮ್ಮೆ ಕೆರೆಯ ದಂಡೆಯಲ್ಲಿ ಹಗ್ಗ ಹಿಡಿಸಿ ಈ ಬೇಲಿಯ ಲೆಕ್ಕ ಕೇಳಲಿ, ಅವರ ಮನೆಮಾತಿನಲ್ಲೇ ಕೇಳಲಿ. ಉತ್ತರ ಬರುತ್ತದೆ.