ಚೆರ್ನೋಬಿಲಿನ ಕೆಲಸಗಾರರೂ ವಿಷದ ಅಳತೆಯೂ

ವಿಷವು ಕಣ್ಣಿಗೆ ಕಂಡರೆ ಮನುಷ್ಯನು ಹಿಂಜರಿಯುತ್ತಾನೆ. ಮೂಗಿಗೆ ತಿಳಿದರೆ ಮುಖವನ್ನು ತಿರುಗಿಸುತ್ತಾನೆ. ಈ ಎರಡಕ್ಕೂ ಗೋಚರಿಸದ ವಿಕಿರಣದ ವಿಷಯದಲ್ಲಿ ಕೆಲಸಗಾರನಿಗೆ ಮಾಪಕಯಂತ್ರವೊಂದೇ ಇಂದ್ರಿಯ. ಆ ಇಂದ್ರಿಯವೇ ಕುರುಡಾದರೆ ಏನಾಗುವುದೆಂಬುದು ಚೆರ್ನೋಬಿಲಿನ ವೃತ್ತಾಂತದಿಂದ ವಾಚಕರಿಗೆ ವಿದಿತವಾಗುವುದು.

1986ನೆಯ ಇಸವಿ ಏಪ್ರಿಲ್ 26ನೆಯ ತಾರೀಖು ರಾತ್ರಿ 1 ಗಂಟೆ 23 ನಿಮಿಷಕ್ಕೆ, ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಆ ಪರಮಾಣು ವಿದ್ಯುದಾಗಾರದ ನಾಲ್ಕನೆಯ ರಿಯಾಕ್ಟರು ಸ್ಫೋಟಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಅಗ್ನಿಶಾಮಕ ದಳದವರು ಛಾವಣಿಯನ್ನೇರಿದರು. ಇದು ಸಾಮಾನ್ಯವಾದ ಬೆಂಕಿಯಲ್ಲವೆಂದು ಅವರಿಗೆ ಎಚ್ಚರಿಕೆ ಹೇಳಿದವರಿಲ್ಲ. ಆ ರಾತ್ರಿ ವಿದ್ಯುದಾಗಾರದಲ್ಲಿ ಕೈಗೆ ಸಿಕ್ಕಿದ ಮಾಪಕಗಳು ಗಂಟೆಗೆ 3.6 ರಾಂಟ್ಜನ್ನಿಗಿಂತ ಹೆಚ್ಚನ್ನು ತೋರಿಸಲಾರದವು. ಮುಳ್ಳು ಹೋಗಿ ಆ ಕೊನೆಯ ಗೆರೆಯಲ್ಲಿ ನಿಂತಿತು. ಮೇಲಿನವರು ಅದನ್ನೇ ನಿಜವಾದ ಪ್ರಮಾಣವೆಂದು ಹಿಡಿದರು. ಬಳ್ಳವನ್ನು ಸಮುದ್ರದಲ್ಲಿ ಅದ್ದಿ, ಸಮುದ್ರವಿರುವುದು ಒಂದೇ ಬಳ್ಳವೆಂದಂತಾಯಿತು! ಸಿಡಿದು ಬಿದ್ದಿದ್ದ ಗ್ರಾಫೈಟಿನ ತುಂಡುಗಳ ಬಳಿ ಅದು ಸಾವಿರಗಳ ಲೆಕ್ಕದಲ್ಲಿತ್ತು. 134 ಮಂದಿಗೆ ತೀವ್ರವಾದ ವಿಕಿರಣರೋಗವು ತಗಲಿತು. ಅವರಲ್ಲಿ 28 ಮಂದಿ ಕೆಲವೇ ತಿಂಗಳೊಳಗೆ ಗತಿಸಿದರು.

ಕೆಲಸಗಾರನೊಬ್ಬನ ದೇಹಕ್ಕೆ ಒಟ್ಟು 25 ರೆಮ್ಮಿಗಿಂತ ಹೆಚ್ಚು ವಿಕಿರಣ ತಾಗಕೂಡದೆಂಬ ಕಟ್ಟಳೆಯು ಮೇ ತಿಂಗಳಲ್ಲಿ ಬಂದಿತು. ಸೆಪ್ಟೆಂಬರಿನಲ್ಲಿ ಛಾವಣಿಯ ಗ್ರಾಫೈಟನ್ನು ತೆಗೆಯಬೇಕಾದಾಗ ಮೊದಲು ಯಂತ್ರಮಾನವರನ್ನು ಬಿಟ್ಟು ನೋಡಿದರು. ವಿಕಿರಣದ ತೀವ್ರತೆಗೆ ಅವು ಕೆಟ್ಟು ನಿಂತುವು. ಆಮೇಲೆ ಮನುಷ್ಯರೇ ಹೋದರು, ಮೂರು ಸಾವಿರಕ್ಕೂ ಹೆಚ್ಚು ಸೈನಿಕರು. ಮೈಗೆ ಸೀಸದ ತಗಡುಗಳನ್ನು ಕಟ್ಟಿಕೊಂಡು ಓಡುವುದು, ಒಂದೆರಡು ಸಲಿಕೆಯಷ್ಟನ್ನು ಕೆಳಕ್ಕೆ ತಳ್ಳುವುದು, ಹಿಂದಕ್ಕೆ ಓಡಿಬರುವುದು, ಇಷ್ಟೇ ಕೆಲಸ. ಇದರ ಹಿಂದಿನ ಗಣಿತವು ಶಾಲೆಯ ಹುಡುಗನೂ ಮಾಡತಕ್ಕದ್ದು: ಗಂಟೆಗೆ 750 ರೆಮ್ ಇರುವ ಕಡೆ, 25ರ ಮಿತಿಯುಳ್ಳವನು ನಿಲ್ಲಬಹುದಾದದ್ದು 2 ನಿಮಿಷ. ಮನುಷ್ಯನ ಆಯುಸ್ಸನ್ನು ಹೀಗೆ ಭಾಗಾಕಾರಕ್ಕೆ ಒಡ್ಡುವುದು ಕ್ರೂರವಾಗಿ ತೋರಬಹುದು. ಆದರೆ ಏಪ್ರಿಲಿನ ರಾತ್ರಿ ಛಾವಣಿಯ ಮೇಲಿದ್ದವರಿಗೆ ಈ ಕ್ರೂರವಾದ ಲೆಕ್ಕವೂ ಲಭಿಸಲಿಲ್ಲವಷ್ಟೆ?

ರಿಯಾಕ್ಟರಿನ ತಳದಲ್ಲಿ ಸುರಂಗವನ್ನು ತೋಡಿದ ಸುಮಾರು 400 ಗಣಿಗಾರರ ಕಥೆಯೂ ಕರುಣಾಜನಕವಾದುದೇ. ಸೆಕೆಯನ್ನು ತಾಳಲಾರದೆ ಅವರು ಮುಖಕವಚಗಳನ್ನು ಕಳಚಿ ದುಡಿದರು. ಅಲ್ಲಿ ಹೂಡಲುದ್ದೇಶಿಸಿದ್ದ ಶೈತ್ಯಯಂತ್ರವು ಕಡೆಗೂ ಬೇಕಾಗಲಿಲ್ಲ.

ಕೆಲವು ವರ್ಷಗಳ ಅವಧಿಯಲ್ಲಿ ಈ ಶುದ್ಧೀಕರಣಕ್ಕಾಗಿ ದುಡಿದವರೆಂದು ಗಣಿತರಾದವರು ಸುಮಾರು 6 ಲಕ್ಷ ಮಂದಿ. ಕಟ್ಟಳೆಯಿದ್ದರೂ ದಾಖಲೆಯು ಸಮರ್ಪಕವಾಗಿರಲಿಲ್ಲ. ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಮಾಪಕವನ್ನು ಕೊಟ್ಟು ಅವನ ಅಂಕಿಯನ್ನೇ ಎಲ್ಲರ ಹೆಸರಿಗೂ ಬರೆದದ್ದುಂಟು. ಏನನ್ನೂ ಬರೆಯದೆ ಬಿಟ್ಟದ್ದೂ ಉಂಟು. ಬಹುಕಾಲದ ಮೇಲೆ ಅವರಲ್ಲಿ ರಕ್ತದ ಅರ್ಬುದರೋಗವನ್ನು ಪರಿಶೀಲಿಸಹೊರಟ ಪಂಡಿತರು, ಯಾವ ದಿನ ಎಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ ಎಂದು ಅವರನ್ನೇ ಕೇಳಿ, ಅವರು ನೆನೆದು ಹೇಳಿದ್ದರಿಂದ ಪ್ರಮಾಣವನ್ನು ಮರಳಿ ಲೆಕ್ಕಹಾಕಬೇಕಾಯಿತು.