ಫೀನಿಕ್ಸ್ ವೇತನ ವ್ಯವಸ್ಥೆ

ಕೆನಡಾದ ಕೇಂದ್ರ ಸರ್ಕಾರವು ತನ್ನ ಸುಮಾರು 2,90,000 ನೌಕರರ ಸಂಬಳ ಬಟವಾಡೆಗಾಗಿ 2016ರಲ್ಲಿ ಜಾರಿಗೆ ತಂದ ಗಣಕೀಕೃತ ವ್ಯವಸ್ಥೆ. ಪೀಪಲ್‌ಸಾಫ್ಟ್ ತಂತ್ರಾಂಶವನ್ನು ಆಧರಿಸಿದ ಇದರ ಗುತ್ತಿಗೆ 2011ರಲ್ಲಿ ಐಬಿಎಂ ಕಂಪನಿಗೆ ದೊರೆಯಿತು. ನಾಲ್ಕು ದಶಕ ಹಳೆಯದಾದ ವ್ಯವಸ್ಥೆಯನ್ನು ಬದಲಿಸಿದರೆ ವರ್ಷಕ್ಕೆ 7 ಕೋಟಿ ಡಾಲರ್ ಉಳಿಯುತ್ತದೆ ಎಂಬುದು ಸರ್ಕಾರದ ಅಂದಾಜು.

ಈ ಉಳಿತಾಯದ ಲೆಕ್ಕ ನಿಂತಿದ್ದದ್ದು ನೌಕರರ ಕಡಿತದ ಮೇಲೆ. ಇಲಾಖೆಗಳಲ್ಲಿ ಸಂಬಳದ ಕಡತ ನೋಡಿಕೊಳ್ಳುತ್ತಿದ್ದ ಸುಮಾರು 1,200 ಹುದ್ದೆಗಳು ರದ್ದಾದವು. ಕೆಲಸವೆಲ್ಲ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಮಿರಮಿಶಿ ಪಟ್ಟಣದ ಒಂದೇ ಕೇಂದ್ರಕ್ಕೆ ಹೋಯಿತು. ಬಂದೂಕು ನೋಂದಣಿ ಕಚೇರಿ ಮುಚ್ಚಿದರೆ ಕೆಲಸ ಕಳೆದುಕೊಳ್ಳಲಿದ್ದ ಊರಿಗೆ ಕೊಟ್ಟ ಪರಿಹಾರವಿದು. ಆಡಳಿತಕ್ಕಿಂತ ರಾಜಕೀಯವೇ ಹೆಚ್ಚಿದ್ದ ಆಯ್ಕೆ. ಅನುಭವಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲಿಲ್ಲ. ವೇತನ ನಿಯಮಗಳೋ 80,000ಕ್ಕೂ ಹೆಚ್ಚು. ಖರ್ಚನ್ನು ಮಿತಿಯಲ್ಲಿಡಲು ತಂತ್ರಾಂಶದ ನೂರಕ್ಕೂ ಹೆಚ್ಚು ಸೌಲಭ್ಯಗಳನ್ನು ಕೈಬಿಡಲಾಯಿತು, ಪ್ರಾಯೋಗಿಕ ಚಾಲನೆಯೂ ರದ್ದಾಯಿತು.

ಪರಿಣಾಮ ಕೂಡಲೇ ಕಾಣಿಸಿತು. ಕೆಲವರಿಗೆ ಸಂಬಳವೇ ಬರಲಿಲ್ಲ, ಕೆಲವರಿಗೆ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂತು. ಹೆಚ್ಚು ಬಂದವರ ಪಾಡೂ ಸುಖದ್ದಲ್ಲ: ಕೈಗೆ ಬಂದದ್ದಷ್ಟೇ ಅಲ್ಲ, ತೆರಿಗೆಯಾಗಿ ಕಡಿತವಾದದ್ದನ್ನೂ ಸೇರಿಸಿ ಹಿಂದಿರುಗಿಸಬೇಕಾದ ಸಂದರ್ಭಗಳಿದ್ದವು. ಪ್ರಭಾರ ಭತ್ಯೆ, ಹಿಂಬಾಕಿ, ಹೆರಿಗೆ ರಜೆ ಮುಗಿಸಿ ಬಂದವರ ಸಂಬಳ ಇವುಗಳಲ್ಲಿ ಗೊಂದಲ ಹೆಚ್ಚು. ಮನೆಸಾಲದ ಕಂತು ಕಟ್ಟಲಾಗದವರಿದ್ದರು. ಇರುವ ಸಂಬಳಕ್ಕೂ ಕುತ್ತು ಬಂದೀತೆಂದು ಬಡ್ತಿಗೆ ಹಿಂಜರಿದವರೂ ಇದ್ದರು. ಇತ್ಯರ್ಥವಾಗದ ಕೋರಿಕೆಗಳು 2017ರ ಜೂನ್ ವೇಳೆಗೆ 4,94,500 ತಲುಪಿದ್ದವು.

ಮಹಾಲೆಕ್ಕಪರಿಶೋಧಕ ಮೈಕಲ್ ಫರ್ಗುಸನ್ 2018ರ ವರದಿಯಲ್ಲಿ ಇದನ್ನು ಗ್ರಹಿಕೆಗೆ ನಿಲುಕದ ವೈಫಲ್ಯವೆಂದು ಕರೆದು, ಯೋಜನೆಯ ಹೊಣೆ ಹೊತ್ತ ಅಧಿಕಾರಿಗಳ ನಿರ್ಧಾರಗಳನ್ನೇ ದೂರಿದರು. ಆ ಮಾತು ಸರಿಯಾದದ್ದೇ. ತಂತ್ರಾಂಶ ಎಡವಿದಾಗ ಕೈಯಿಂದ ತಿದ್ದಬಲ್ಲವರನ್ನು ಸರ್ಕಾರ ಮೊದಲೇ ಮನೆಗೆ ಕಳುಹಿಸಿತ್ತು. ಹಾಗಾಗಿ ಸಂಬಳ ಸರಿಪಡಿಸಲು ಮತ್ತೆ ನೂರಾರು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಯೋಜಿಸಿರದ ವೆಚ್ಚ 2023ರ ವೇಳೆಗೆ 220 ಕೋಟಿ ಡಾಲರ್ ತಲುಪಬಹುದೆಂದು ಸೆನೆಟ್ ಸಮಿತಿ 2018ರಲ್ಲಿ ಎಚ್ಚರಿಸಿತು.

ಅದೇ ವರ್ಷದ ಬಜೆಟ್‌ನಲ್ಲಿ ಫೀನಿಕ್ಸನ್ನು ಕೈಬಿಡುವ ಉದ್ದೇಶ ಪ್ರಕಟವಾಯಿತಾದರೂ ಬದಲಿ ಸಿದ್ಧವಾಗುವ ತನಕ ಸಂಬಳ ಅದರಲ್ಲೇ ಸಾಗಬೇಕಾಯಿತು. 2020ರಲ್ಲಿ ಅತಿದೊಡ್ಡ ನೌಕರ ಸಂಘದೊಂದಿಗೆ ಆದ ಒಪ್ಪಂದದಂತೆ, ನಾಲ್ಕು ವರ್ಷಗಳ ತೊಂದರೆಗೆ ಸರ್ಕಾರ ಒಬ್ಬೊಬ್ಬರಿಗೆ ಗರಿಷ್ಠ 2,500 ಡಾಲರ್ ಸಾಮಾನ್ಯ ಪರಿಹಾರ ಕೊಡಲು ಒಪ್ಪಿತು.