ಧ್ವನಿವರ್ಧಕದ ಚರಿತ್ರೆಯೂ ನೆಲತಂತಿಯ ಪಾಠವೂ

ರಾಜ್ಯೋತ್ಸವದ ದಿನ ನಾಡಗೀತೆಗಿಂತ ಮೊದಲು ನಮ್ಮ ಕಿವಿಗೆ ಬೀಳುವುದು ‘ಹಲೋ, ಮೈಕ್ ಟೆಸ್ಟಿಂಗ್’ ಎಂಬ ಕೂಗು. ಆ ಕೂಗಿನ ಹಿಂದಿರುವ ಯಂತ್ರವನ್ನು ನಾವು ನೆನೆಯುವುದು ಅದು ಕೈಕೊಟ್ಟಾಗ ಮಾತ್ರ. ಬೆಂಗಳೂರಿನ ಹೆದ್ದಾರಿಯ ಮೇಲಿರುವ ಈ ಶಂಶಾಬಾದಿನಲ್ಲಿ ನೆಲೆಸಿ, ವರ್ಷಕ್ಕೊಮ್ಮೆ ಶಾಮಿಯಾನದ ಕೆಳಗೆ ಕೂಡಿ, ಮಕ್ಕಳ ಕೈಗೆ ಮೈಕು ಕೊಟ್ಟು ಕನ್ನಡದಲ್ಲಿ ಹಾಡಿಸುವ ನಾವು ಆ ಯಂತ್ರದ ಚರಿತ್ರೆಯನ್ನಷ್ಟು ತಿಳಿದಿರುವುದು ಒಳಿತು. ಅದನ್ನು ಅಪಾಯವಿಲ್ಲದೆ ನಡೆಸುವ ಕ್ರಮಗಳು ಆ ಚರಿತ್ರೆಯೊಡನೆಯೇ ಬೆಳೆದು ಬಂದಿವೆ.

ಮೊದಲು ವಿದ್ಯುಚ್ಛಕ್ತಿಯ ಮಾತು. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಇತ್ತ ಹುಸೇನ್ ಸಾಗರದ ದಡದಲ್ಲಿ ಕಲ್ಲಿದ್ದಲಿನ ವಿದ್ಯುದಾಗಾರವು 1920ರಲ್ಲಿ ಕೆಲಸ ಆರಂಭಿಸಿತು. ತಂತಿ ಬಂದ ಮೇಲೆ ದನಿಯೂ ಬಂದಿತು. 1935ನೆಯ ಇಸವಿ ಎರಡು ಸಂಸ್ಥಾನಗಳಿಗೂ ಸ್ಮರಣೀಯವಾದುದು. ಆ ವರ್ಷ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೋ ಹುಟ್ಟಿತು. ಮುಂದೆ ಅದರಲ್ಲಿ ಉರ್ದುವಿನೊಡನೆ ತೆಲುಗು, ಮರಾಠಿ, ಕನ್ನಡ ಕಾರ್ಯಕ್ರಮಗಳೂ ಸೇರಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅದರ ಪ್ರೇಷಕಯಂತ್ರದ ಶಕ್ತಿ ಕೇವಲ 30 ವ್ಯಾಟ್. ಇಂದು ಒಂದು ಸಣ್ಣ ಸಭೆಗೆ ಬಾಡಿಗೆಗೆ ತರುವ ಆಂಪ್ಲಿಫೈಯರು ಅದರ ಹಲವು ಪಟ್ಟು ದೊಡ್ಡದು!

ಸಭೆಯ ಧ್ವನಿವರ್ಧಕ ಇದಕ್ಕೂ ಹಿಂದಿನದು. 1915ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆನ್ಸನ್ ಮತ್ತು ಪ್ರಿಡಮ್ ಎಂಬಿಬ್ಬರು ತಮ್ಮ ‘ಮ್ಯಾಗ್ನವಾಕ್ಸ್’ ಯಂತ್ರವನ್ನು ಬಹಿರಂಗವಾಗಿ ತೋರಿಸಿದರು. 1919ರಲ್ಲಿ ಅಧ್ಯಕ್ಷ ವಿಲ್ಸನ್ನರು ಅದರ ಮೂಲಕ ಜನಸಾಗರಕ್ಕೆ ಮಾತನಾಡಿದರು. ನಮ್ಮ ದೇಶದಲ್ಲಿ ‘ಶಿಕಾಗೋ ರೇಡಿಯೋ’ ಎಂಬ ಹಲಗೆಯಿದ್ದ ಮೈಕುಗಳು ರಾಷ್ಟ್ರನಾಯಕರ ಮುಂದೆ ನಿಂತು ಮನೆಮಾತಾದವು.

ಆ ಕಾಲದ ಆಂಪ್ಲಿಫೈಯರುಗಳಲ್ಲಿ ಇದ್ದುದು ಗಾಜಿನ ವಾಲ್ವುಗಳು. ಅವುಗಳಿಗೆ 300-400 ವೋಲ್ಟುಗಳ ಒತ್ತಡ ಬೇಕಾಗುತ್ತಿತ್ತು. ಸ್ವಿಚ್ಚು ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತಿದ್ದುದರಿಂದ, ಪೆಟ್ಟಿಗೆ ಬಿಚ್ಚಿದ ಕೂಡಲೇ ಕೈಹಾಕಬಾರದೆಂಬುದು ರಿಪೇರಿಯವರ ಮೊದಲ ಪಾಠವಾಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ಇಂತಹ ವಾಲ್ವುಗಳನ್ನೂ, ಮರುವರ್ಷ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸಲು ತೊಡಗಿತು. 1947ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದ ಟ್ರಾನ್ಸಿಸ್ಟರು ಕ್ರಮೇಣ ವಾಲ್ವಿನ ಸ್ಥಾನಕ್ಕೆ ಬಂದು, 12 ವೋಲ್ಟಿನ ಬ್ಯಾಟರಿಯ ಮೇಲೆಯೇ ಮೈಕ್‌ಸೆಟ್ಟು ನಡೆಯುವಂತಾಯಿತು.

ಅಪಾಯ ಇದರಿಂದ ತೊಲಗಲಿಲ್ಲ, ರೂಪ ಬದಲಿಸಿತು. 120 ವ್ಯಾಟ್ ಶಕ್ತಿ ಸೆಳೆಯಲು 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಪ್ರವಾಹ ಇಮ್ಮಡಿಯಾದರೆ ತಂತಿಯ ಕಾವು ನಾಲ್ಮಡಿಯಾಗುವುದು. ಆದಕಾರಣ ಬ್ಯಾಟರಿಗೆ ದಪ್ಪ ತಂತಿಯೇ ಬೇಕು, ಫ್ಯೂಸು ಬ್ಯಾಟರಿಯ ಮಗ್ಗುಲಲ್ಲಿಯೇ ಇರಬೇಕು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರಿನ ಫ್ಯೂಸು ಕರಗುವ ಬಹು ಮೊದಲೇ, ಅದರ ನೂರರಲ್ಲೊಂದು ಪಾಲಿನಷ್ಟು ಪ್ರವಾಹ ಪ್ರಾಣ ತೆಗೆಯಬಲ್ಲದು.

ಮನುಷ್ಯನನ್ನು ಕಾಯುವುದು ಮಿಸ್ತ್ರಿಗಳು ಅರ್ಥಿಂಗ್ ಎನ್ನುವ ನೆಲತಂತಿ. ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದನ್ನು ಬಿಟ್ಟು ಕನ್ನಡನಾಡನ್ನು ಕೂಡಿದ 1956ರಲ್ಲಿಯೇ ಭಾರತೀಯ ವಿದ್ಯುತ್ ನಿಯಮಗಳು ಬಂದು, ಪ್ರತಿ ಗ್ರಾಹಕನ ಆವರಣದಲ್ಲಿ ನೆಲಸಂಪರ್ಕದ ಕೊನೆಯೊಂದನ್ನು ಒದಗಿಸುವ ಹೊಣೆಯನ್ನು ವಿದ್ಯುತ್ ಪೂರೈಸುವವರ ಮೇಲೆ ಹೊರಿಸಿದವು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ನೆಲದ ಕಡ್ಡಿ ಉದ್ದವಾಗಿರುವುದು ಅಲಂಕಾರಕ್ಕಲ್ಲ. ಅದು ಮೊದಲು ಸೇರಿ ಕೊನೆಗೆ ಬಿಡಬೇಕೆಂದೇ. ಆದರೂ ‘ಗುಂಯ್’ ಎಂಬ ಸದ್ದು ಬಂದೊಡನೆ ಆ ತಂತಿಯನ್ನೇ ಕತ್ತರಿಸುವ ಕೆಟ್ಟ ವಾಡಿಕೆ ನಮ್ಮಲ್ಲಿ ಇನ್ನೂ ಉಂಟು. ಎರಡು ಯಂತ್ರಗಳಿಗೆ ಬೇರೆ ಬೇರೆ ಕಡೆಯಿಂದ ವಿದ್ಯುತ್ತು ಕೊಟ್ಟಾಗ ಈ ಸದ್ದು ಬರುವುದುಂಟು; ಎಲ್ಲವನ್ನೂ ಒಂದೇ ಬೋರ್ಡಿಗೆ ತಂದರೆ ಬಹುಪಾಲು ಅಡಗುವುದು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ, ನೆಲಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟ. ಮುಂದುವರಿದ ದೇಶದಲ್ಲಿಯೇ ಹೀಗಾದರೆ, ಕಬ್ಬಿಣದ ಕಂಬದ ಶಾಮಿಯಾನದಲ್ಲಿ, ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ನಮ್ಮ ಮಕ್ಕಳ ಗತಿಯೇನು?

ಹೈದರಾಬಾದಿನ ಸೀಮೆ ಬಂಡೆಯ ಸೀಮೆ. ಒಣಗಿದ ಕಲ್ಲುನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡದು. ಹಿಂದಿನವರು ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುತ್ತಿದ್ದುದು ಇದಕ್ಕಾಗಿಯೇ. ಇಷ್ಟರ ಮೇಲೂ ನೆಲವನ್ನೊಂದನ್ನೇ ನಂಬುವಂತಿಲ್ಲ. ಆರ್‌ಸಿಸಿಬಿ ಎಂಬ ಸ್ವಿಚ್ಚೂ ಬೇಕು. ನಮ್ಮಂತಹ ಬ್ಯಾಂಕಿನ ಗುಮಾಸ್ತರಿಗೆ ಅದರ ಕೆಲಸ ಬೇಗ ತಿಳಿಯುತ್ತದೆ. ಒಂದು ತಂತಿಯಲ್ಲಿ ಹೋದ ಪ್ರವಾಹ ಇನ್ನೊಂದರಲ್ಲಿ ಪೂರ್ತಿ ಮರಳಿತೇ ಎಂದು ಅದು ಜಮಾಖರ್ಚು ತಾಳೆ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್ ಕಡಿಮೆಬಿದ್ದರೂ ಯಾರದೋ ಮೈಯಿಂದ ನೆಲಕ್ಕೆ ಹೋಗುತ್ತಿರಬಹುದೆಂದು ಕ್ಷಣಾರ್ಧದಲ್ಲಿ ಲೆಕ್ಕವನ್ನು ಮುಚ್ಚಿಬಿಡುತ್ತದೆ.

ಹೀಗಿರಲು, ಮೈಕಿನವರನ್ನು ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ಚೌಕಾಶಿ ಮಾಡಿದರೆ ಸಾಲದು. ನೆಲತಂತಿ ಉಂಟೇ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಿದಿರೇ, ಬೀದಿಕಂಬಕ್ಕೆ ಕೊಕ್ಕೆ ಹಾಕದೆ ಸರಿಯಾದ ಬೋರ್ಡಿನಿಂದ ತಂತಿ ಎಳೆದಿರೇ ಎಂಬ ಮೂರು ಪ್ರಶ್ನೆಗಳನ್ನು ಸಂಘದ ಹಿರಿಯರು ಕೇಳಲಿ. ಉತ್ತರ ಬರುವವರೆಗೆ ಮಗುವಿನ ಕೈಗೆ ಮೈಕು ಕೊಡದಿರೋಣ. ಪರನಾಡಿನಲ್ಲಿ ನಮ್ಮ ನುಡಿ ದೊಡ್ಡ ದನಿಯಲ್ಲಿ ಕೇಳಬೇಕು, ನಿಜ. ಆ ದನಿ ಎತ್ತಿದ ಕಂದಮ್ಮಗಳು ಸುಖವಾಗಿ ವೇದಿಕೆಯಿಂದ ಇಳಿದು ತಾಯ ಮಡಿಲು ಸೇರಬೇಕು.